ಹತ್ತು ನಿಮಿಷಕ್ಕೊಂದು ಗೆರೆ ಎಳೆದವರು

ಕಳೆದ ವರ್ಷದ ಆಷಾಢದಲ್ಲಿ ನನ್ನ ಕೈಗೆ ನಾಲ್ಕು ಡಿವಿಡಿಗಳು ಬಂದವು. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿಯಿಡೀ ನಡೆದ ಮೂಡಲಪಾಯ ಬಯಲಾಟದ ದಾಖಲೆ ಅದು. ಹತ್ತೋ ಹನ್ನೆರಡೋ ವರ್ಷಗಳ ಹಿಂದೆ ಒಂದು ಸಂಸ್ಥೆ ಅದನ್ನು ಚಿತ್ರೀಕರಿಸಿ, ಒಳ್ಳೆಯ ಡಬ್ಬಿಗೆ ಹಾಕಿ, ಮೇಲೆ ತನ್ನ ಲಾಂಛನ ಮುದ್ರಿಸಿ ಬೀರುವಿನಲ್ಲಿಟ್ಟಿತ್ತು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳ ಆ ಒಂದು ಸಂಸ್ಥೆಯದಾಗಿ, ಅದೇ ತಪ್ಪು ಮಾಡಿದ ಉಳಿದವರೆಲ್ಲ ನೆಮ್ಮದಿಯಾಗಿ ನಿದ್ದೆಗೆ ಹೋಗುತ್ತಾರೆ. ಡಿಸ್ಕುಗಳ ಜೊತೆಗೆ ಎರಡು ಪುಟದ ವಿವರಪಟ್ಟಿಯೊಂದಿತ್ತು. ಯಾವ ಡಿಸ್ಕಿನಲ್ಲಿ ಯಾವ ಸನ್ನಿವೇಶ, ಯಾರ ಪ್ರವೇಶ, ಎಲ್ಲವೂ ಟೈಪಾಗಿತ್ತು. ಕೊನೆಯಲ್ಲೊಂದು ಷರಾ: ಈ ಪ್ರಯೋಗದಲ್ಲಿ ಕೋಡಂಗಿಯ ಪ್ರವೇಶ ಇಲ್ಲ.

ನನ್ನ ಪ್ರಬಂಧದ ಮೂರನೇ ಅಧ್ಯಾಯ ಕೋಡಂಗಿಯ ಮೇಲೆಯೇ ನಿಂತಿದೆ. ಮೂಡಲಪಾಯದಲ್ಲಿ ಆಟದ ಆರಂಭಕ್ಕೆ ಬಂದು, ಕುಣಿದು, ನಗಿಸಿ ಹೋಗುವ ವೇಷ ಅದು. ಅದು ಈಚೆಗೆ ಎಲ್ಲೆಲ್ಲಿ ಬಿಟ್ಟುಹೋಗುತ್ತಿದೆ, ಯಾಕೆ ಬಿಟ್ಟುಹೋಗುತ್ತಿದೆ ಎಂಬುದು ನನ್ನ ಪ್ರಶ್ನೆ. ಹಾಗಾಗಿ ಆ ಷರಾ ನನಗೆ ಚಿನ್ನದಂಥ ಸಾಕ್ಷಿಯಾಗಿ ಕಂಡಿತು. ಒಂದು ಪ್ಯಾರಾ ಬರೆದೂ ಆಯಿತು. ವೇಷ ಕಳೆದುಹೋದ ಬಗ್ಗೆ ಸ್ವಲ್ಪ ದುಃಖವನ್ನೂ ಸೇರಿಸಿದ್ದೆ.

ಆಮೇಲೆ, ಬರೀ ಮರ್ಯಾದೆಗೆಂದು, ಆ ಆಟದ ಭಾಗವತರ ಊರಿಗೆ ಹೋದೆ. ಭಾಗವತರು ತೀರಿಕೊಂಡು ಆರು ವರ್ಷವಾಗಿದೆ. ಅವರ ಮಗ ಅಡಿಕೆ ತೋಟದಲ್ಲಿ ಸಿಕ್ಕರು. ಕೋಡಂಗಿ ಇರಲಿಲ್ಲವಂತಲ್ಲ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಪೈಪು ಕೆಳಗಿಟ್ಟರು.

"ಇಲ್ಲ ಅಂದೋರ್ಯಾರು ಅಕ್ಕಾ? ಅವತ್ತು ಕೋಡಂಗಿ ಕಟ್ಟಿದ್ದೋನು ನಾನೇ."

ಅವತ್ತು ರಾತ್ರಿ ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಕೂತು ಮೊದಲನೇ ಡಿಸ್ಕನ್ನು ಬಟನ್ ಒತ್ತದೆ, ಜಿಗಿಯದೆ, ಮೊದಲಿಂದ ನೋಡಿದೆ. 21ನೇ ನಿಮಿಷ ದಾಟಿ ಸ್ವಲ್ಪ ಹೊತ್ತಿಗೆ ಕೋಡಂಗಿ ಬಂದ. 29ನೇ ನಿಮಿಷ ಮುಟ್ಟುವ ಮೊದಲು ಹೋದ. ಏಳು ನಿಮಿಷದ ಚೆಂದದ ಕುಣಿತ. ಡಿಸ್ಕಿನ ಮೂರನೇ ಅಧ್ಯಾಯ ಆರಂಭವಾಗುವುದು ಸರಿಯಾಗಿ 20ನೇ ನಿಮಿಷಕ್ಕೆ, ನಾಲ್ಕನೆಯದು ಸರಿಯಾಗಿ 30ನೇ ನಿಮಿಷಕ್ಕೆ. ಮೂರನೆಯದರ ಪುಟ್ಟ ಚಿತ್ರದಲ್ಲಿ ತೆರೆ ಹಿಡಿದುಕೊಂಡು ನಿಂತ ಇಬ್ಬರು ಹುಡುಗರು. ನಾಲ್ಕನೆಯದರ ಚಿತ್ರದಲ್ಲಿ ಮೈಕು ಸರಿಮಾಡುತ್ತಿರುವ ಒಬ್ಬ ಮನುಷ್ಯ. ವಿವರಪಟ್ಟಿ ಮಾಡಿದವರು ಆಟವನ್ನು ನೋಡಿರಲಿಲ್ಲ, ಮೆನುವನ್ನು ನೋಡಿದ್ದರು. ಮೆನುವಿನಲ್ಲಿ ಕೋಡಂಗಿ ಇರಲಿಲ್ಲ. ಆದ್ದರಿಂದ ಆಟದಲ್ಲೂ ಕೋಡಂಗಿ ಇಲ್ಲ!

ಎಂಟು ಗಂಟೆಯ ಆಟ, ಡಿಸ್ಕಿಗೆ ಎರಡೆರಡು ಗಂಟೆ, ಹತ್ತು ನಿಮಿಷಕ್ಕೊಂದು ಅಧ್ಯಾಯ, ಒಟ್ಟು 48. ಈ 48 ಜಾಗಗಳಲ್ಲಿ ಒಂದು ಕಡೆಯೂ ಏನೂ ಆರಂಭವಾಗುವುದಿಲ್ಲ. ಒಂದು ಅಧ್ಯಾಯ ಪದದ ನಡುವೆ ಶುರುವಾಗುತ್ತದೆ. ಇನ್ನೊಂದು, ಸಾರಥಿ ಪ್ರಶ್ನೆ ಕೇಳಿ ಮುಗಿಸಿ, ವೇಷಧಾರಿ ಉತ್ತರಕ್ಕೆ ಬಾಯಿ ತೆರೆದಲ್ಲಿ. ಮತ್ತೊಂದು ಅಧ್ಯಾಯದ ಆರಂಭದಲ್ಲಿ ಬರೀ ಹೊಗೆ, ಯಾರೋ ಬೀಡಿ ಹಚ್ಚಿದ್ದಾರೆ.

ಇದು ಅವತ್ತು ಆ ಸಂಸ್ಥೆಯ ಕಂಪ್ಯೂಟರಿನ ಮುಂದೆ ಕೂತಿದ್ದವರ ಸೋಮಾರಿತನ ಮಾತ್ರವಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಆಮೇಲೆ ಹುಡುಕುತ್ತಾ ಹೋದಂತೆ ನಮ್ಮ ಭಾಗದ ಜಾನಪದ ದಾಖಲೆಗಳೆಂದು ನನಗೆ ಸಿಕ್ಕ ಇಪ್ಪತ್ತಕ್ಕೂ ಹೆಚ್ಚು ಡಿಸ್ಕುಗಳಲ್ಲಿ ಬಹುಪಾಲು ಹೀಗೆಯೇ ಇವೆ. ಐದು ನಿಮಿಷ, ಹತ್ತು ನಿಮಿಷ, ಹದಿನೈದು ನಿಮಿಷ. ಡಿವಿಡಿ ಮಾಡುವ ತಂತ್ರಾಂಶಗಳಲ್ಲಿ, ಟೀವಿಗೆ ಜೋಡಿಸುತ್ತಿದ್ದ ರೆಕಾರ್ಡರುಗಳಲ್ಲಿ, ಇಷ್ಟು ನಿಮಿಷಕ್ಕೊಂದು ಅಧ್ಯಾಯ ತಾನಾಗಿ ಹಾಕುವ ಸೌಲಭ್ಯ ಇರುತ್ತದೆ. ಒಂದು ಚೌಕಕ್ಕೆ ಟಿಕ್ ಹಾಕಿದರೆ ಮುಗಿಯಿತು. ನಮ್ಮ ವಿದ್ವತ್ತು ಆ ಟಿಕ್ಕಿನ ಕೈಗೆ ಬೀಗದ ಕೈ ಕೊಟ್ಟು ಮನೆಗೆ ಹೋಗಿದೆ.

ಈಗ ಇನ್ನೊಂದು ಕಡೆಗೆ ಬನ್ನಿ. ಹಿರಿಯೂರಿನಲ್ಲಿ ಒಂದು ವಿಡಿಯೊ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ತೇರುಮಲ್ಲೇಶ್ವರನ ರಥೋತ್ಸವ, ಹಳ್ಳಿಗಳ ಕುರುಕ್ಷೇತ್ರ ನಾಟಕ. ಮಾಲೀಕರಿಗೆ ಐವತ್ತರ ಮೇಲೆ ವಯಸ್ಸು, ಎಸ್ಸೆಸ್ಸೆಲ್ಸಿ ಓದು. ಈಗ ಅವರದೂ ಪೆನ್‌ಡ್ರೈವ್ ವ್ಯವಹಾರವೇ. ಆದರೂ 2005ರಿಂದ ಮಾಡಿದ ಡಿಸ್ಕುಗಳ ಒಂದೊಂದು ಪ್ರತಿಯನ್ನು ಷೋಕೇಸಿನಲ್ಲಿ ಜೋಡಿಸಿಟ್ಟಿದ್ದಾರೆ. ನಮ್ಮ ಸಂಬಂಧಿಕರ ಮದುವೆಯ ಡಿಸ್ಕು ಅಲ್ಲಿನದೇ. ಅದರಲ್ಲಿ ಒಂದೊಂದು ಅಧ್ಯಾಯವೂ ಇರಬೇಕಾದ ಜಾಗದಲ್ಲೇ ಇತ್ತು. ಅದು ಹೇಗೆ ಎಂದು ಕೇಳಲು ಹೋದೆ.

"ನೋಡವ್ವಾ," ಎಂದರು, "ಮದುವೆ ಮನೇರು ಡಿಸ್ಕ್ ಹಾಕಿದ ಕೂಡ್ಲೆ ಏನು ಹುಡುಕ್ತಾರೆ? ತಾಳಿ ಕಟ್ಟೋದು. ಅಲ್ಲಿಗೆ ಪಾಯಿಂಟ್ ಇಡಬೇಕು. ಆದ್ರೆ ತಾಳಿ ಕಟ್ಟೋ ಕೈ ಕಂಡ ಮೇಲೆ ಇಟ್ರೆ ಏನ್ ಬಂತು? ಪುರೋಹಿತ್ರು ಗಟ್ಟಿಮೇಳ ಅಂತ ಕೈ ಎತ್ತುತಾರಲ್ಲ, ಅದಕ್ಕೂ ಎರಡು ಸೆಕೆಂಡ್ ಮುಂಚೆ ಇಡಬೇಕು. ಎಲ್ರೂ ಎದ್ದು ನಿಲ್ಲೋದು ಕಾಣಬೇಕು. ಗಟ್ಟಿಮೇಳ ಕಿವಿಗೆ ಬೀಳದೆ ತಾಳಿ ಕಟ್ಟಿದ್ರೆ ಅದು ಮದುವೆ ಆದಂಗೆ ಆಗಲ್ಲ."

ಸಂಪಾದನಾಶಾಸ್ತ್ರದ ತರಗತಿಯಲ್ಲಿ ಒಂದು ಸೆಮಿಸ್ಟರಿನಲ್ಲಿ ನಾನು ಕಲಿಯದ್ದನ್ನು ಅವರು ಮೂರು ವಾಕ್ಯದಲ್ಲಿ ಹೇಳಿದರು. ಒಂದು ಘಟನೆ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿದೆ. ಘಟನೆ ಕಣ್ಣಿಗೆ ಬೀಳುವಲ್ಲಿ ಅಲ್ಲ, ನೆರೆದವರಿಗೆ ಅದು ಬರುತ್ತಿದೆ ಎಂದು ಗೊತ್ತಾಗುವಲ್ಲಿ.

ಕುರುಕ್ಷೇತ್ರದ ಡಿಸ್ಕುಗಳ ಕತೆ ಇನ್ನೂ ಸ್ವಾರಸ್ಯದ್ದು. ನಮ್ಮ ಕಡೆಯ ಹಳ್ಳಿಗಳಲ್ಲಿ ಈ ನಾಟಕ ಆಡುವವರು ಊರಿನ ರೈತರು, ಮೇಷ್ಟ್ರುಗಳು, ಗ್ರಾಮ ಪಂಚಾಯ್ತಿ ಸದಸ್ಯರು. ಪಾತ್ರಕ್ಕೆ ತಾವೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಸೀನರಿ ಕಟ್ಟಿಸಿ ಒಂದು ರಾತ್ರಿ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟಿದವರು ಮಾರನೇ ವಾರ ಸ್ಟುಡಿಯೊಕ್ಕೆ ಬಂದು ಕೇಳುವುದು ಒಂದೇ: ನನ್ನ ಎಂಟ್ರಿ ಎಲ್ಲಿ? ಹತ್ತು ನಿಮಿಷಕ್ಕೊಂದು ಗೆರೆ ಎಳೆದುಕೊಟ್ಟರೆ ಅವರು ಅಂಗಡಿಯ ಗಾಜು ಉಳಿಸುವುದಿಲ್ಲ. ಹಾಗಾಗಿ ಇವರ ಡಿಸ್ಕಿನಲ್ಲಿ ದುರ್ಯೋಧನನ ಪ್ರವೇಶ, ಅವನ ಮೊದಲ ಕಂದ, ಶಕುನಿಯ ಜೊತೆಗಿನ ಮಾತು, ಕರ್ಣನ ಕಡೆಯ ಸೀನು ಎಲ್ಲಕ್ಕೂ ಬೇರೆ ಬೇರೆ ಪಾಯಿಂಟ್. ಒಂದು ನಾಟಕಕ್ಕೆ ಅವರು ಅಂಥ ಐವತ್ತಕ್ಕೂ ಹೆಚ್ಚು ಜಾಗ ಗುರುತಿಸಿದ್ದನ್ನು ನಾನೇ ಎಣಿಸಿದ್ದೇನೆ. ಅದಕ್ಕಾಗಿ ಇಡೀ ನಾಟಕವನ್ನು ಎರಡು ಸಲ ನೋಡಿದ್ದಾರೆ. ನಮ್ಮ ಬಯಲಾಟದ ವಿವರಪಟ್ಟಿ ಮಾಡಿದವರು ಅದನ್ನು ಒಂದು ಸಲವೂ ನೋಡಲಿಲ್ಲ. ಇವರಿಗೆ ಹೆದರಿಕೆ ಇತ್ತು, ಅವರಿಗೆ ಅನುದಾನ ಇತ್ತು. ವ್ಯತ್ಯಾಸ ಅಷ್ಟೇ.

ಇದು ಟೆಕ್ನಿಷಿಯನ್ ಕೆಲಸ, ನಿಮಗ್ಯಾಕೆ ಎಂದು ಒಂದು ವಿಚಾರಸಂಕಿರಣದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರು ನಿಜಕ್ಕೂ ಒಳ್ಳೆಯ ಮನುಷ್ಯರು, ನನಗೆ ಪುಸ್ತಕ ಕೊಟ್ಟವರು. ಆದರೆ ಆ ಮಾತು ತಪ್ಪು. ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಎಲ್ಲಿ ಒಡೆಯಬೇಕು ಎಂದು ತೀರ್ಮಾನಿಸುವವನು ಸಂಪಾದಕ. ತಪ್ಪಾಗಿ ಒಡೆದರೆ ಅರ್ಥವೇ ಬೇರೆಯಾಗುತ್ತದೆ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ನಮಗೆ ಪಠ್ಯವಾಗಿ ಇಟ್ಟಿದ್ದು ಯಾಕೆ? ಪದ ಒಡೆಯುವುದು ಅಚ್ಚು ಮೊಳೆ ಜೋಡಿಸುವವನ ಕೆಲಸ ಎಂದು ಯಾರಾದರೂ ಬಿಟ್ಟುಕೊಟ್ಟಿದ್ದರೆ ಇವತ್ತು ಪಂಪನನ್ನು ಓದುವ ಸ್ಥಿತಿ ಇರುತ್ತಿತ್ತೆ? ಅಕ್ಷರಕ್ಕಿರುವ ಈ ಮರ್ಯಾದೆ ಆಟಕ್ಕೆ ಯಾಕಿಲ್ಲ? ಹಾಡುವವರು, ಕುಣಿಯುವವರು ಓದಿಲ್ಲದವರು ಎಂಬ ತಾತ್ಸಾರ ಇದರ ಬುಡದಲ್ಲಿದೆ ಎಂದು ನನ್ನ ಅನುಮಾನ. ಸುಳ್ಳಾದರೆ ಸಂತೋಷ.

ಚಿತ್ರದುರ್ಗದವರಿಗೆ ಈ ವಿಷಯ ಹೊಸದೇನೂ ಅಲ್ಲ. ಕೋಟೆಯ ಬೆಟ್ಟದ ಬುಡದಲ್ಲೇ ಚಂದ್ರವಳ್ಳಿ ಇದೆ. ಅಲ್ಲಿ ಎಂ.ಎಚ್. ಕೃಷ್ಣ ಅವರು ಮೊದಲೇ ಉತ್ಖನನ ಮಾಡಿಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ನಮ್ಮ ಜಿಲ್ಲೆಗೆ ಬಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದ. ಅವನು ಹಿಂದಿನವರ ಮೇಲೆ ಹರಿಹಾಯುತ್ತಿದ್ದ ಒಂದು ಮುಖ್ಯ ಕಾರಣ ಕೇಳಿ. ಮೊಹೆಂಜೊದಾರೊದಂಥ ಕಡೆಗಳಲ್ಲಿ ನೆಲವನ್ನು ಅಳತೆಪಟ್ಟಿಯ ಲೆಕ್ಕದಲ್ಲಿ ಅಗೆದು, ಒಂದೇ ಆಳದಲ್ಲಿ ಸಿಕ್ಕಿದ್ದೆಲ್ಲ ಒಂದೇ ಕಾಲದ್ದು ಎಂದು ಬರೆದಿಟ್ಟಿದ್ದರು. ನೆಲ ಹಾಗೆ ಸಮತಟ್ಟಾಗಿ ಕೂತಿರುವುದಿಲ್ಲ. ಒಂದು ಕಡೆ ಗುಂಡಿ ತೋಡಿರುತ್ತಾರೆ, ಒಂದು ಕಡೆ ಗೋಡೆ ಬಿದ್ದು ದಿಬ್ಬವಾಗಿರುತ್ತದೆ. ಒಂದೇ ಆಳದಲ್ಲಿ ಅಜ್ಜನ ಮಡಕೆಯೂ ಮೊಮ್ಮಗನ ಮಡಕೆಯೂ ಸಿಗಬಹುದು. ಪದರ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಗೆರೆ ಎಳೆ, ಅಡಿಗೋಲು ಹೇಳಿದ ಕಡೆಗಲ್ಲ ಎಂಬುದು ಅವನ ಹಟ. ರೋಮನ್ ನಾಣ್ಯ, ಶಾತವಾಹನರ ನಾಣ್ಯ ಯಾವ ಪದರದ್ದು ಎಂದು ನೋಡಿಯೇ ದಕ್ಷಿಣ ಭಾರತದ ಕಾಲಗಣನೆಗೆ ಒಂದು ನೆಲೆ ಸಿಕ್ಕಿತು. ವೀಲರನ ಅಹಂಕಾರ, ಸಿಪಾಯಿ ಗತ್ತು ಎಲ್ಲ ಬೇರೆ ವಿಷಯ. ಪದರದ ಮಾತಿನಲ್ಲಿ ಅವನು ಸರಿ.

ಹತ್ತು ನಿಮಿಷಕ್ಕೊಂದು ಅಧ್ಯಾಯ ಅಂದರೆ ಅಡಿಗೋಲಿನ ಅಗೆತವೇ. ಚಂದ್ರವಳ್ಳಿಗೆ ಪಿಕ್‌ನಿಕ್ಕಿಗೆ ಹೋಗುವ ಮಕ್ಕಳಿಗೂ ನಮ್ಮ ಮೇಷ್ಟ್ರುಗಳು ಪದರದ ಕತೆ ಹೇಳುತ್ತಾರೆ. ಅದೇ ಮೇಷ್ಟ್ರುಗಳು ಸಂಜೆ ವಿಭಾಗಕ್ಕೆ ಬಂದು ಬಯಲಾಟವನ್ನು ಅಡಿಗೋಲಿನಲ್ಲಿ ಕತ್ತರಿಸುತ್ತಾರೆ.

ಕರಾವಳಿಯ ಒಂದು ಉದಾಹರಣೆ ನೆನಪಿಸಬೇಕು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಆರು ದಿನ ದಾಖಲಿಸಿಕೊಂಡರು. ಅಚ್ಚಿಗೆ ಬಂದದ್ದು 1998ರಲ್ಲಿ, 15,683 ಸಾಲು. ಎಂಟು ವರ್ಷ ಏನು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಸಾಲು ಎಲ್ಲಿ ಮುಗಿಯುತ್ತದೆ, ಪ್ರಸಂಗ ಎಲ್ಲಿ ತಿರುಗುತ್ತದೆ ಎಂದು ಕೂತು ಕೇಳುವುದೇ ಆ ಕೆಲಸದ ದೊಡ್ಡ ಪಾಲು. ನಮ್ಮ ಜಿಲ್ಲೆಯದೇ ಬೇಕೆಂದರೆ, ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳು ನಾಡಿಗೆ ಗೊತ್ತಾದದ್ದು ಕೃಷ್ಣಮೂರ್ತಿ ಹನೂರರು ಅಜ್ಜಿಯ ಎದುರು ತಾಳ್ಮೆಯಿಂದ ಕೂತದ್ದರಿಂದ. ಕೂರುವುದಕ್ಕೆ ಬದಲಿ ಇಲ್ಲ.

ಇನ್ನು ಕರಾರುವಾಕ್ಕಾಗಿ ಇಡುವುದು ಅಂದರೇನು ಎಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲೂ ಒಂದು ಮೋಸವಿದೆ. ನಾನು ಅದೇ ನಾಲ್ಕು ಡಿಸ್ಕುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೊಸದಾಗಿ ಅಧ್ಯಾಯ ಹಾಕಲು ಕೂತಾಗ ಮೊದಲ ವಾರ ಪೂರ್ತಿ ಸೋತೆ. ಭಾಗವತರು ಪದ ಎತ್ತುವ ಜಾಗಕ್ಕೆ ಸರಿಯಾಗಿ ಗುರುತು ಇಟ್ಟರೂ, ಡಿಸ್ಕು ಬರೆದು ನೋಡಿದರೆ ಹಿಂದಿನ ದೃಶ್ಯದ ಒಂದು ಚೂರು ಮಿಂಚಿ ಹೋಗುತ್ತಿತ್ತು. ಇಲ್ಲವೇ ಪದದ ಮೊದಲಕ್ಷರ ತಿಂದುಹೋಗುತ್ತಿತ್ತು. ಹಿರಿಯೂರಿನವರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಹಿಂದಿನ ಶಾಟಿಂದು ಬಾಲ ಬರ್ತೈತೇನವ್ವಾ?" ಎಂದರು. ಹೌದು, ಬಾಲ.

ಕಾರಣ ಇದು. ನಮ್ಮಲ್ಲಿ ಬಳಸುವ ಡಿವಿಡಿ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಅವು ಎಲ್ಲವೂ ಪೂರ್ಣ ಚಿತ್ರಗಳಲ್ಲ. ಒಂದು ಪೂರ್ಣ ಚಿತ್ರ ಇರುತ್ತದೆ, ಅದರ ಬೆನ್ನಿಗೆ ಹತ್ತು ಹನ್ನೆರಡು ಫ್ರೇಮುಗಳಲ್ಲಿ ಏನೇನು ಬದಲಾಯಿತು ಎಂಬ ಲೆಕ್ಕ ಮಾತ್ರ ಇರುತ್ತದೆ. ಜಾಗ ಉಳಿಸುವ ಉಪಾಯ. ಇಲ್ಲದಿದ್ದರೆ ಎರಡು ಗಂಟೆಯ ಆಟ 4.7 ಜಿಬಿಯ ಡಿಸ್ಕಿನಲ್ಲಿ ಹಿಡಿಯುವುದೇ ಇಲ್ಲ. ಇಂಥ ಒಂದು ಗುಂಪು ಹೆಚ್ಚೆಂದರೆ 15 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಅಧ್ಯಾಯ ಆರಂಭವಾಗಬೇಕಾದರೆ ಪೂರ್ಣ ಚಿತ್ರದ ಮೇಲೆಯೇ ಆಗಬೇಕು. ನೀವು ನಡುವೆ ಎಲ್ಲೋ ಗುರುತು ಇಟ್ಟರೆ ತಂತ್ರಾಂಶ ಅದನ್ನು ಸದ್ದಿಲ್ಲದೆ ಹತ್ತಿರದ ಪೂರ್ಣ ಚಿತ್ರಕ್ಕೆ ಸರಿಸುತ್ತದೆ. ಹಿಂದಕ್ಕೆ ಸರಿದರೆ ಬಾಲ, ಮುಂದಕ್ಕೆ ಸರಿದರೆ ಮೊದಲಕ್ಷರ ಖೋತಾ. ಇದಕ್ಕೆ ದಾರಿ, ವಿಡಿಯೊವನ್ನು ಡಿವಿಡಿಯ ರೂಪಕ್ಕೆ ಪರಿವರ್ತಿಸುವ ಮೊದಲೇ ಗುರುತುಗಳನ್ನು ಇಟ್ಟು, ಆ ಜಾಗದಲ್ಲಿ ಪೂರ್ಣ ಚಿತ್ರವನ್ನೇ ಹಾಕು ಎಂದು ತಂತ್ರಾಂಶಕ್ಕೆ ಹೇಳುವುದು. ಅಂದರೆ ಮೊದಲು ನೋಡಬೇಕು, ಆಮೇಲೆ ಒತ್ತಬೇಕು. ನಾವು ಮಾಡುವುದು ಉಲ್ಟಾ, ಮೊದಲು ಡಿಸ್ಕು ತಯಾರಿ, ಬಿಡುಗಡೆ ಸಮಾರಂಭ, ಶಾಲು. ನೋಡುವುದು ಯಾರಾದರೂ ಸಂಶೋಧನಾ ವಿದ್ಯಾರ್ಥಿ ಸಿಕ್ಕಾಗ.

ಅರ್ಧ ಸೆಕೆಂಡಿಗೆ ಇಷ್ಟು ರಂಪವೇ ಎಂದರೆ, ಹೌದು. ನಿಮ್ಮ ಕವಿತೆಯ ಪ್ರತಿ ಪದ್ಯದ ಮೊದಲಕ್ಷರ ಹಾರಿಸಿ ಅಚ್ಚು ಹಾಕಿದರೆ ನೀವು ಸಂಪಾದಕರಿಗೆ ಏನು ಬರೆಯುತ್ತೀರಿ?

ಡಿವಿಡಿಯ ಕಾಲವೇ ಮುಗಿದಿದೆಯಲ್ಲ ಎನ್ನುವವರಿದ್ದಾರೆ. ಸರಿ. ಮೋಸರ್ ಬೇಯರ್ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಟ್ಟ ದಿನಗಳನ್ನು ದುರ್ಗದ ಸಂತೆಪೇಟೆಯ ಅಂಗಡಿಯವರು ಈಗ ಪುರಾಣದಂತೆ ಹೇಳುತ್ತಾರೆ. 2018ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಬಾಯಿ ಇಲ್ಲ, ಹೊರಗಿನಿಂದ ಜೋಡಿಸುವ ಡ್ರೈವ್ ಕೊಂಡೆ. ಆದರೆ ಕಾಲ ಮುಗಿದದ್ದಕ್ಕೇ ಈ ಜಗಳ ಈಗ ತುರ್ತು. ಈಗ ಎಲ್ಲ ಕಡೆ ಡಿಸ್ಕಿನಲ್ಲಿದ್ದದ್ದನ್ನು ಹಾರ್ಡ್ ಡಿಸ್ಕಿಗೆ ಸುರಿಯುತ್ತಿದ್ದಾರೆ, ಡಿಜಿಟಲೀಕರಣ ಎಂಬ ಹೆಸರಿನಲ್ಲಿ. ಅಧ್ಯಾಯ ಎಲ್ಲೆಲ್ಲಿ ಎಂಬ ಲೆಕ್ಕ ಡಿಸ್ಕಿನಲ್ಲಿ ಐಎಫ್‌ಒ ಎಂಬ ಪುಟ್ಟ ಕಡತದಲ್ಲಿರುತ್ತದೆ. ಚಿತ್ರ, ಶಬ್ದ ಇರುವುದು ವಿಒಬಿ ಎಂಬ ದಪ್ಪ ಕಡತಗಳಲ್ಲಿ. ಸುರಿಯುವವರು ದಪ್ಪದ್ದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಆ ದಪ್ಪ ಕಡತಗಳೋ, ಒಂದೊಂದು ಜಿಬಿ ತುಂಬಿದ ಕೂಡಲೇ ತಾವಾಗಿ ತುಂಡಾಗಿರುತ್ತವೆ. ಅದನ್ನೇ ಭಾಗ ಒಂದು, ಭಾಗ ಎರಡು ಎಂದು ಹೆಸರಿಟ್ಟು ಯೂಟ್ಯೂಬಿಗೆ ಏರಿಸಿದ್ದನ್ನು ನಾನು ನೋಡಿದ್ದೇನೆ. ಮೊದಲು ಗಡಿಯಾರ ಕತ್ತರಿಸುತ್ತಿತ್ತು, ಈಗ ತಕ್ಕಡಿ ಕತ್ತರಿಸುತ್ತಿದೆ. ಯೂಟ್ಯೂಬಿನಲ್ಲೂ ಅಧ್ಯಾಯ ಹಾಕಬಹುದು. ವಿವರಣೆಯ ಜಾಗದಲ್ಲಿ 0:00ರಿಂದ ಆರಂಭಿಸಿ ಕನಿಷ್ಠ ಮೂರು ಹೊತ್ತು ಬರೆದರೆ, ಒಂದೊಂದಕ್ಕೂ ಹತ್ತು ಸೆಕೆಂಡಾದರೂ ಇದ್ದರೆ ಸಾಕು. ಕಾಸಿಲ್ಲ, ತಂತ್ರಾಂಶ ಬೇಡ. ಆದರೂ ಯಾಕೆ ಹಾಕುತ್ತಿಲ್ಲ? ನೋಡಬೇಕಲ್ಲ, ಅದಕ್ಕೆ.

ನನಗೆ ಕಷ್ಟ ಕೊಟ್ಟ ಆಕ್ಷೇಪಣೆ ಬೇರೆಯದು. ರಂಗಭೂಮಿಯ ಗೆಳತಿಯೊಬ್ಬಳು, ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ನವೆಂಬರಿನ ಚಳಿಗೆ ಕಂಬಳಿ ಹೊದ್ದು ಕೂತಿದ್ದಾಗ ಹೇಳಿದ್ದು: ರಾತ್ರಿಯಿಡೀ ಹರಿಯುವ ಆಟವನ್ನು ಅಧ್ಯಾಯ ಮಾಡುವುದೇ ಹಿಂಸೆ. ಹತ್ತು ನಿಮಿಷಕ್ಕೆ ಕತ್ತರಿಸಿದರೂ ಅಷ್ಟೇ, ನಿನ್ನ ಹಾಗೆ ನಯವಾಗಿ ಕತ್ತರಿಸಿದರೂ ಅಷ್ಟೇ. ಜಿಗಿಯುವ ಬಟನ್ ಕೊಟ್ಟ ಮೇಲೆ ಜನ ಜಿಗಿಯುತ್ತಾರೆ. ಆಟ ಸಾಯುತ್ತದೆ.

ಈ ಮಾತನ್ನು ತಿಂಗಳುಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು ತಿರುಗಿದೆ. ಆಮೇಲೆ ನನ್ನ ಅಜ್ಜಿ ನೆನಪಾದಳು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಆಟ ಇದ್ದ ರಾತ್ರಿ ನಾವು ಹುಡುಗರೆಲ್ಲ ಟಾರ್ಪಾಲಿನ ಮೇಲೆ ಸಾಲಾಗಿ ಬಿದ್ದುಕೊಳ್ಳುತ್ತಿದ್ದೆವು. ಗಣಪತಿ ಸ್ತುತಿ ಮುಗಿಯುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಮಲಗುವ ಮುಂಚೆ ಒಬ್ಬೊಬ್ಬರದೂ ಅಜ್ಜಿಗೆ ಒಂದೊಂದು ಅರ್ಜಿ. ಭೀಮ ಬಂದಾಗ ಎಬ್ಬಿಸಜ್ಜಿ. ರಾಕ್ಷಸ ಬಂದಾಗ ಎಬ್ಬಿಸಜ್ಜಿ. ಯುದ್ಧಕ್ಕೆ ಎಬ್ಬಿಸಜ್ಜಿ. ಅಜ್ಜಿ ಎಲೆಯಡಿಕೆ ಹಾಕಿಕೊಂಡು ಇಡೀ ರಾತ್ರಿ ಕೂತಿರುತ್ತಿದ್ದಳು. ಮದ್ದಲೆಯ ಪೆಟ್ಟು ಬದಲಾದ ಕೂಡಲೇ, ತೆರೆಯ ಹಿಂದೆ ಗೆಜ್ಜೆ ಅಲ್ಲಾಡಿದ ಕೂಡಲೇ, ವೇಷ ಇನ್ನೂ ಕಾಣುವ ಮೊದಲೇ ಭುಜ ಅಲ್ಲಾಡಿಸುತ್ತಿದ್ದಳು. "ಏಳೇ, ಬಂದ." ಒಂದು ದಿನವೂ ತಡವಾಗಿ ಎಬ್ಬಿಸಲಿಲ್ಲ. ಹತ್ತು ನಿಮಿಷಕ್ಕೊಂದು ಸಲ ಎಬ್ಬಿಸಲೂ ಇಲ್ಲ.

ಅಖಂಡವಾಗಿ ಆಟ ನೋಡಿದವರು ಊರಿನಲ್ಲಿ ಎಷ್ಟು ಜನ? ಜನ ಎದ್ದು ಚಾ ಕುಡಿಯಲು ಹೋಗುತ್ತಿದ್ದರು, ದನಕ್ಕೆ ಹುಲ್ಲು ಹಾಕಿ ಬರುತ್ತಿದ್ದರು, ಮಲಗುತ್ತಿದ್ದರು, ತಮಗೆ ಬೇಕಾದ ವೇಷಕ್ಕೆ ಸರಿಯಾಗಿ ವಾಪಸು ಬಂದು ಕೂರುತ್ತಿದ್ದರು. ಆಟಕ್ಕೆ ಅದರದೇ ಗಿಣ್ಣುಗಳಿವೆ. ತೆರೆ ಹಿಡಿಯುವುದು, ಸಾರಥಿ ನೀನಾರೆಂದು ಕೇಳುವುದು, ಪದ, ಮಾತು, ಕುಣಿತ, ಮಂಗಳ. ಕಬ್ಬನ್ನು ಗಿಣ್ಣಿನಲ್ಲಿ ಮುರಿಯುವುದಕ್ಕೂ ಗರಗಸದಲ್ಲಿ ಅಳತೆಗೆ ಕುಯ್ಯುವುದಕ್ಕೂ ವ್ಯತ್ಯಾಸವಿಲ್ಲವೆಂದು ಹೇಳುವವರು ಕಬ್ಬು ತಿಂದವರಲ್ಲ. ಗೆಳತಿಗೆ ಇದನ್ನು ಹೇಳಿದೆ. ನಿನ್ನ ಅಜ್ಜಿ ಬಟನ್ ಅಲ್ಲ ಎಂದಳು. ಅದೂ ನಿಜ. ಅಜ್ಜಿ ಇಡೀ ಆಟ ನೋಡಿಯೇ ನಮ್ಮನ್ನು ಎಬ್ಬಿಸುತ್ತಿದ್ದದ್ದು. ಅಧ್ಯಾಯ ಹಾಕುವವರಿಂದ ನಾನು ಕೇಳುವುದೂ ಅದನ್ನೇ, ಹೆಚ್ಚೇನೂ ಅಲ್ಲ.

ಸಿನಿಮಾ ಡಿಸ್ಕು ಮಾಡಿದ ವ್ಯಾಪಾರಿಗಳಿಗೂ ಇದು ಗೊತ್ತಿತ್ತು. ಹಾಡುಗಳಿಗೆ ಬೇರೆ ಮೆನು ಕೊಡುತ್ತಿದ್ದರು, ಗಿರಾಕಿ ಕೇಳುವುದು ಹಾಡನ್ನು. ಉಳಿದ ಚಿತ್ರವನ್ನು ಅವರೂ ಗಡಿಯಾರಕ್ಕೆ ಬಿಟ್ಟರು ಎನ್ನಿ. ವಿಸಿಡಿಯಲ್ಲಂತೂ 74 ನಿಮಿಷಕ್ಕೆ ಡಿಸ್ಕು ತುಂಬಿ, ನಾಯಕ ಕೈ ಎತ್ತಿದಲ್ಲಿ ಮೊದಲನೆಯದು ಮುಗಿದು, ಪೆಟ್ಟು ಬೀಳಲು ಎರಡನೆಯದು ಹಾಕಬೇಕಿತ್ತು.

ನನ್ನ ಬೇಡಿಕೆ ಸಣ್ಣದು, ನಮ್ಮ ವಿಭಾಗಗಳಿಂದ ಶುರುವಾಗಲಿ. ಯಾವುದೇ ಪ್ರದರ್ಶನದ ದಾಖಲೆಯನ್ನು ಒಪ್ಪಿಸಿಕೊಳ್ಳುವ ಮೊದಲು ಅದರ ಜೊತೆ ಒಂದು ಕಾಲಪಟ್ಟಿ ಕೇಳಿ. ಗಂಟೆ, ನಿಮಿಷ, ಸೆಕೆಂಡು, ಅಲ್ಲಿ ಏನು ಆರಂಭವಾಗುತ್ತದೆ, ಹಾಗೆಂದು ತೀರ್ಮಾನಿಸಿದವರು ಯಾರು. ಕೊನೆಯದು ಮುಖ್ಯ. ಪಟ್ಟಿಗೆ ಸಹಿ ಇರಲಿ, ಪುಸ್ತಕದ ಮೇಲೆ ಸಂಪಾದಕರ ಹೆಸರು ಇರುವ ಹಾಗೆ. ಸಹಿ ಮಾಡಬೇಕಾದವರು ನೋಡದೆ ಸಹಿ ಮಾಡಲು ಸ್ವಲ್ಪವಾದರೂ ಹಿಂಜರಿಯುತ್ತಾರೆ. ಸಾದಾ ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಡಿಸ್ಕು ಸತ್ತರೂ, ಕಡತದ ರೂಪ ಬದಲಾದರೂ ಹಾಳೆಯಿಂದ ಮತ್ತೆ ಗುರುತು ಹಾಕಿಕೊಳ್ಳಬಹುದು. ಎಂಟು ಗಂಟೆಯ ಆಟಕ್ಕೆ ನನಗೆ ನಾಲ್ಕು ರಾತ್ರಿ ಹಿಡಿಯಿತು. ಎಂ.ಎ. ತರಗತಿಯಲ್ಲಿ ಒಬ್ಬೊಬ್ಬರಿಗೆ ಎರಡು ಗಂಟೆಯ ಡಿಸ್ಕು ಹಂಚಿದರೆ ಒಂದು ಸೆಮಿಸ್ಟರಿನಲ್ಲಿ ಒಂದು ಬೀರು ಖಾಲಿಯಾಗುತ್ತದೆ. ಅಷ್ಟು ನೋಡಿದ ವಿದ್ಯಾರ್ಥಿ ಬಯಲಾಟದ ಬಗ್ಗೆ ಬರೆದ ಯಾವ ನೋಟ್ಸನ್ನೂ ಮತ್ತೆ ಕಣ್ಣು ಮುಚ್ಚಿ ನಂಬುವುದಿಲ್ಲ. ಬಹುಶಃ ತೊಂದರೆ ಇರುವುದೇ ಅಲ್ಲಿ.

ಊರವರನ್ನೂ ಕೂರಿಸಿಕೊಳ್ಳಿ. ನಾನು ಹಾಕಿದ 73 ಗುರುತುಗಳಲ್ಲಿ ಹನ್ನೊಂದನ್ನು ಭಾಗವತರ ಮಗ ಸರಿಸಿದರು. ನಾನು ಒಂದು ವೇಷದ ಪ್ರವೇಶವೆಂದು ಗುರುತಿಸಿದ್ದು ಪ್ರವೇಶವಲ್ಲವಂತೆ. ಬಣ್ಣ ತಡವಾದದ್ದಕ್ಕೆ ಅಪ್ಪ ಸುಮ್ಮನೆ ಎಳೆದ ಪದವಂತೆ ಅದು. ಅದನ್ನು ನಾನು ಪ್ರಬಂಧದಲ್ಲಿ ಒಂದು ವಿಶಿಷ್ಟ ಪ್ರವೇಶ ಕ್ರಮವೆಂದು ಬರೆಯಲಿದ್ದೆ.

ಒಂದು ಗುರುತು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಾಲ್ಕನೇ ಡಿಸ್ಕಿನಲ್ಲಿ, ಬೆಳಗಿನ ಜಾವ, ಭಾಗವತರು ಕಡೆಯ ಪದ ಎತ್ತುವ ಮುಂಚೆ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಮೈಕಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಅಧ್ಯಾಯ ಆ ಉಸಿರಿನಿಂದ ಆರಂಭವಾಗಬೇಕು ಎಂದು ನನ್ನ ವಾದ. ಹಿರಿಯೂರಿನವರು ಒಪ್ಪುವುದಿಲ್ಲ. ಉಸಿರಿಗೂ ಮುಂಚೆ ಮದ್ದಲೆಯವನು ಭಾಗವತರ ಮುಖ ನೋಡುತ್ತಾನೆ, ಅಲ್ಲಿಂದ ಇಡಬೇಕು ಅನ್ನುತ್ತಾರೆ. ಮಗನನ್ನು ಕೇಳಿದೆವು. ಅವರು ಮೂರು ಸಲ ಹಾಕಿಸಿಕೊಂಡು ನೋಡಿದರು, ಏನೂ ಹೇಳದೆ ನಾಲ್ಕನೇ ಸಲ ಹಾಕಲು ಹೇಳಿದರು. ಸದ್ಯಕ್ಕೆ ಗುರುತು ಮದ್ದಲೆಯವನು ತಿರುಗಿ ನೋಡುವ ಕಡೆಯೇ ಇದೆ.